ಪಳೆಯುಳಿಕೆ ಕಿವಿಗಲ್ಲಿನ ಮೇಲೆ ಸಲ್ಕಸ್ ಕಾಣುತ್ತಿಲ್ಲ, ಮೀನು ಯಾವುದು ಅಂತ ಹೇಗೆ ಹೇಳುವುದು?

ಪಡುಬಿದ್ರಿ ಚಿಪ್ಪು (ಭಾನುವಾರ, ರಾತ್ರಿ 10.40)

ಮೂರು ವಾರದಿಂದ ಇದೊಂದೇ ಕೆಲಸ. ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ನನ್ನ ಹತ್ತಿರ ಮೀನಿನ ಕಿವಿಗಲ್ಲು, ಅಂದರೆ ತಲೆಯೊಳಗೆ ಕಿವಿಯಲ್ಲಿ ಇರುವ ಕಲ್ಲು, ಹನ್ನೊಂದು ಇವೆ, ಎಲ್ಲವೂ ಪಳೆಯುಳಿಕೆ. ದೊಡ್ಡದು 9 ಮಿ.ಮೀ., ತೀರಾ ಸಣ್ಣದು 3 ಮಿ.ಮೀ. ಮೀನು ಯಾವುದು ಅಂತ ಹೇಳಲು ಒಳಮುಖದ ತೋಡು, ಅಂದರೆ ಸಲ್ಕಸ್, ನೋಡಬೇಕು ಅಲ್ವಾ? ಹನ್ನೊಂದರಲ್ಲಿ ಒಂದರ ಮೇಲೂ ಅದು ಸರಿಯಾಗಿ ಕಾಣುತ್ತಿಲ್ಲ. ಬೇರೆಯವರ ಚಿತ್ರಗಳಲ್ಲಿ ಉಗುರಿನಿಂದ ಗೀರಿದ ಹಾಗೆ ಸ್ಪಷ್ಟವಾಗಿ ಇರುತ್ತದೆ. ನನ್ನದರಲ್ಲಿ ಸುಮ್ನೆ ನುಣ್ಣಗೆ, ಇಲ್ಲದಿದ್ದರೆ ಸುಣ್ಣದ ಹಾಗೆ ಬೆಳ್ಳಗೆ.

ಕಿವಿಗಲ್ಲಿನ ಫೋಟೋ ಹೋಲಿಸಿ ಮೀನು ಗುರುತಿಸುವ ಅಫೋರೋ ಜಾಲತಾಣಕ್ಕೂ ಫೋಟೋ ಹಾಕಿ ನೋಡಿದೆ. ಇವತ್ತು ಒಂದು ಕುಟುಂಬ ತೋರಿಸುತ್ತದೆ. ನಾಳೆ ಅದೇ ಕಲ್ಲನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಬೇರೆ ಕುಟುಂಬ.

ಯಾವಾಗಿನ ಹಾಗೆ ತೊಳೆದು ಒಣಗಿಸಿದ್ದೇನೆ. ಫೋಟೋ ತೆಗೆದದ್ದು ಯುಎಸ್‌ಬಿ ಮೈಕ್ರೋಸ್ಕೋಪಿನಲ್ಲಿ. ಮೊದಲು ನಂಬರ್ 4 ನೋಡಿ, ಅದೇ ದೊಡ್ಡದು. ಯಾರಾದರೂ ದಾರಿ ತೋರಿಸಿ ಮಾರಾಯ್ರೇ.

ದಕ್ಕೆ ಬದಿಯವ (ಭಾನುವಾರ, ರಾತ್ರಿ 11.05)

ನಂಬರ್ 4 ಕಲ್ಲೂರು ಮೀನಿನದ್ದು, ಇಂಗ್ಲಿಷಿನಲ್ಲಿ ಕ್ರೋಕರ್ ಅನ್ನುತ್ತಾರಲ್ಲ, ಅದು. ಇದರಲ್ಲಿ ಸಂಶಯವೇ ಬೇಡ. ಅಷ್ಟು ದಪ್ಪದ ಕಲ್ಲು ಬೇರೆ ಯಾವ ಮೀನಿಗೆ ಉಂಟು? ಬಂಗುಡೆ, ಬೂತಾಯಿಯ ಕಲ್ಲು ನೋಡಿ, ತೆಳ್ಳಗೆ, ಅಕ್ಕಿಯ ನುಚ್ಚಿನಷ್ಟು. ನಮ್ಮ ಮನೆಯಲ್ಲಿ ಕಲ್ಲೂರು ತಂದಾಗೆಲ್ಲ ತಲೆಯ ಕಲ್ಲು ತೆಗೆದಿಡುತ್ತೇನೆ. ಹದಿನೈದು ವರ್ಷದ್ದು ಒಂದು ಹಾರ್ಲಿಕ್ಸ್ ಬಾಟಲಿ ತುಂಬಾ ಇದೆ.

ನೀವು ಹೊರಮುಖದ ಫೋಟೋ ಹಾಕಿದ್ದೀರಿ. ತಿರುಗಿಸಿ ನೋಡಿ. ಒಳಮುಖದಲ್ಲಿ ಗೊದಮೊಟ್ಟೆಯ ಆಕಾರ ಸಿಗುತ್ತದೆ. ಮುಂದೆ ಅಗಲ ತಲೆ, ಹಿಂದೆ ಕೆಳಗೆ ಬಾಗಿದ ಬಾಲ. ಕಲ್ಲೂರಿನ ಬಳಗಕ್ಕೆ ಅದೇ ಗುರುತು.

ಬ್ರಹ್ಮಾವರ ಮುರಕಲ್ಲು (ಸೋಮವಾರ, ಬೆಳಿಗ್ಗೆ 6.15)

ಮೀನಿನ ಹೆಸರು ಆಮೇಲೆ. ಸಿಕ್ಕಿದ್ದು ಎಲ್ಲಿ? ಜಾಗ ಹೇಳದೆ ಪಳೆಯುಳಿಕೆ ಅಂದರೆ ಹೇಗೆ ನಂಬುವುದು? ನಮ್ಮ ಕಡೆ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ನೈಸ್ ಅನ್ನುವ ಗಟ್ಟಿ ಶಿಲೆ. ಮುರಕಲ್ಲು ಆಗುವಾಗ ಸುಣ್ಣದ ಅಂಶ ಎಲ್ಲಾ ಕರಗಿ ಹೋಗಿರುತ್ತದೆ. ಅದರಲ್ಲಿ ಕಿವಿಗಲ್ಲು ಉಳಿಯಲ್ಲ. ಮಲ್ಪೆ, ಪಡುಬಿದ್ರಿ ಕಡಲಬದಿಯಲ್ಲಿ ಹೆಕ್ಕಿದ್ದಾದರೆ ಅದು ಹೋದ ವರ್ಷದ ಮೀನಿನದ್ದೂ ಇರಬಹುದು.

ಪಡುಬಿದ್ರಿ ಚಿಪ್ಪು (ಸೋಮವಾರ, ಬೆಳಿಗ್ಗೆ 7.30)

ಹೋದ ವರ್ಷ ತಾಟೆಯ (ಶಾರ್ಕಿನ) ಹಲ್ಲಿನ ಚರ್ಚೆಯಲ್ಲಿ ಜಾಗ ಬರೆದಿದ್ದೆ, ಎಲ್ಲರಿಗೂ ಗೊತ್ತು ಅಂದುಕೊಂಡೆ. ಕೇರಳದ ಕೊಲ್ಲಂ, ಅಷ್ಟಮುಡಿ ಕಾಯಲಿನ (ಹಿನ್ನೀರಿನ) ಬದಿಯ ಪಡಪ್ಪಕ್ಕರ. ಗೆಳೆಯನ ಮನೆಯಲ್ಲಿ ಬಾವಿ ತೆಗೆಯುವಾಗ ಬಂದ ಬೂದುಬಣ್ಣದ ಮಣ್ಣು, ಎರಡು ಗೋಣಿ. ಒಂದು ಗೋಣಿ ಮಾತ್ರ ಸೋಸಿ ಆಗಿದೆ.

ಬ್ರಹ್ಮಾವರ ಮುರಕಲ್ಲು (ಸೋಮವಾರ, ಬೆಳಿಗ್ಗೆ 7.50)

ಹಾಗೆ ಹೇಳಿ. ಹಾಗಾದರೆ ಪಳೆಯುಳಿಕೆಯೇ. ಅದು ಕ್ವಿಲಾನ್ (ಕೊಲ್ಲಂನ ಹಳೆಯ ಹೆಸರು) ಪದರ, ಮಯೋಸಿನ್ ಅನ್ನುವ ಭೂಯುಗದ್ದು. ಅಲ್ಲಿನ ಕಿವಿಗಲ್ಲುಗಳ ಮೇಲೆ ಪಳೆಯುಳಿಕೆ ತಜ್ಞರಾದ ಸುನಿಲ್ ಬಾಜಪೇಯಿ, ವರ್ನರ್ ಶ್ವಾರ್ಟ್ಸ್‌ಹಾನ್ಸ್ ಇವರೆಲ್ಲ ಸೇರಿ ಬರೆದ ಲೇಖನ 2022ರಲ್ಲಿ ಬಂದಿದೆ. ವಯಸ್ಸು ಸುಮಾರು 1.7 ಕೋಟಿ ವರ್ಷ. ಅಫೋರೋದಲ್ಲಿ ಇರುವುದು ಈಗಿನ ಮೀನುಗಳ ಕಲ್ಲು. ಫೋಟೋ ಹಾಕಿದರೆ ಅದು ಹೊರ ಅಂಚಿನ ಗೆರೆಯನ್ನು ಹೋಲಿಸುತ್ತದೆ. ಅಂಚು ಸವೆದ ಹಳೆಯ ಕಲ್ಲಿಗೆ ಅದನ್ನೇ ನಂಬಿ ಕೂರಬೇಡಿ.

ಹೊಸಬ ಮುಲ್ಕಿ (ಸೋಮವಾರ, ಬೆಳಿಗ್ಗೆ 9.10)

ನಡುವೆ ಒಂದು ಪ್ರಶ್ನೆ. ಬರೀ ಒಂದು ಕಲ್ಲಿನಿಂದ ಮೀನಿನ ಹೆಸರು ಹೇಳಬಹುದಾ? ತಾಟೆಗೂ ಈ ಕಲ್ಲು ಇರುತ್ತದಾ?

ಬ್ರಹ್ಮಾವರ ಮುರಕಲ್ಲು (ಸೋಮವಾರ, ಬೆಳಿಗ್ಗೆ 9.25)

ಹೇಳಬಹುದು. ಜರ್ಮನಿಯ ಅರ್ನ್ಸ್ಟ್ ಕೋಕೆನ್ 1884ರಲ್ಲೇ ಹಳೆಯ ಮೀನುಗಳನ್ನು ಕಿವಿಗಲ್ಲಿನಿಂದ ಗುರುತಿಸಿದ್ದಾರೆ. ತಾಟೆ, ತೊರಕೆಗೆ (ರೇ ಮೀನಿಗೆ) ಇಂಥ ಗಟ್ಟಿ ಕಲ್ಲು ಇಲ್ಲ. ಅವುಗಳ ಕಿವಿಯಲ್ಲಿ ಸಣ್ಣ ಕಣಗಳು ಮಾತ್ರ.

ಕಂಕನಾಡಿ ಲೆನ್ಸ್ (ಸೋಮವಾರ, ಮಧ್ಯಾಹ್ನ 1.20)

ತಪ್ಪು ಕಲ್ಲಿನದ್ದಲ್ಲ, ಬೆಳಕಿನದ್ದು. ಯುಎಸ್‌ಬಿ ಮೈಕ್ರೋಸ್ಕೋಪಿನಲ್ಲಿ ಸುತ್ತಲೂ ಎಲ್‌ಇಡಿ ಇರುತ್ತದೆ. ಎಲ್ಲಾ ಕಡೆಯಿಂದ ಬೆಳಕು ಬಿದ್ದರೆ ನೆರಳೇ ಬೀಳುವುದಿಲ್ಲ. ನೆರಳಿಲ್ಲದೆ ತೋಡು ಹೇಗೆ ಕಾಣಬೇಕು? ಆ ಎಲ್‌ಇಡಿ ಆರಿಸಿ. ಒಂದು ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಒಂದೇ ಬದಿಯಿಂದ ಹಿಡಿಯಿರಿ. ಕಲ್ಲನ್ನು ನಿಧಾನ ಸುತ್ತು ತಿರುಗಿಸಿ.

ಅದಕ್ಕೂ ಕಾಣದಿದ್ದರೆ ನವಸಾಗರದ ಹೊಗೆ ಹಿಡಿಸಿ. ಕಲಾಯಿ ಹಾಕುವವರ ಹತ್ತಿರ ಇರುತ್ತದಲ್ಲ, ಅದೇ. ಬಿಸಿ ಮಾಡಿದರೆ ಬಿಳಿ ಹೊಗೆ ಬರುತ್ತದೆ, ಕಲ್ಲಿನ ಮೇಲೆ ತೆಳ್ಳಗೆ ಕೂರುತ್ತದೆ. ಹೊಳಪು ಹೋಗಿ ತೋಡು ಎದ್ದು ಕಾಣುತ್ತದೆ. ಕಿಟಕಿ ತೆರೆದು ಮಾಡಿ, ಹೊಗೆ ಉಸಿರಿಗೆ ಒಳ್ಳೆಯದಲ್ಲ. ಫೋಟೋ ಆದ ಮೇಲೆ ನೀರಲ್ಲಿ ತೊಳೆದರೆ ಹೋಗುತ್ತದೆ.

ನಾನು ಈಗ ಟ್ರೈನಾಕ್ಯುಲರ್ ಸ್ಟೀರಿಯೋ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕೂರಿಸಿದ್ದೇನೆ. ಒಂದು ಕಲ್ಲಿಗೆ ನಲವತ್ತು ಫೋಟೋ ತೆಗೆದು ಒಟ್ಟುಗೂಡಿಸುತ್ತೇನೆ. ಮೇಲಿನಿಂದ ಕೆಳಗಿನವರೆಗೆ ಎಲ್ಲಾ ಫೋಕಸಿನಲ್ಲಿ ಇರುತ್ತದೆ. ಫೋಕಸ್ ಸರಿಸುವ ಹಳಿಯನ್ನು ಹಳೆಯ ಸಿಡಿ ಡ್ರೈವಿನ ಮೋಟಾರ್ ಹಾಕಿ ನಾನೇ ಮಾಡಿದ್ದು. ಮೇಜಿನ ಫೋಟೋ ಹಾಕಿದ್ದೇನೆ, ನೋಡಿ.

ದಕ್ಕೆ ಬದಿಯವ (ಸೋಮವಾರ, ಮಧ್ಯಾಹ್ನ 2.00)

ಮೇಜು ಚಂದ ಉಂಟು. ಆದರೆ ಕಲ್ಲೂರು ಗುರುತಿಸಲು ಅಷ್ಟೆಲ್ಲ ಬೇಡ. ನನ್ನ ಅಜ್ಜಿ ಕೈಯಲ್ಲಿ ಮುಟ್ಟಿ ಹೇಳುತ್ತಿದ್ದರು. ಆ ಮೀನಿಗೆ ಕಲ್ಲೂರು ಅಂತ ಹೆಸರು ಬಂದದ್ದೇ ತಲೆಯ ಕಲ್ಲಿನಿಂದ ಇರಬೇಕು.

ಕಂಕನಾಡಿ ಲೆನ್ಸ್ (ಸೋಮವಾರ, ಮಧ್ಯಾಹ್ನ 2.15)

ಹೆಸರು ಎಲ್ಲಿಂದ ಬಂತು ಅನ್ನುವುದು ಇಲ್ಲಿ ಬೇಡ. ಅಜ್ಜಿ ಮುಟ್ಟಿದ್ದು ಆ ದಿನ ತಂದ ಮೀನಿನದ್ದು. ಇದು ಕೋಟಿ ವರ್ಷದ್ದು.

ದಕ್ಕೆ ಬದಿಯವ (ಸೋಮವಾರ, ಮಧ್ಯಾಹ್ನ 2.20)

ಕೋಟಿ ವರ್ಷ ಆದರೂ ಆಕಾರ ಅದೇ ಅಲ್ವಾ? ಹಾಗಲ್ಲದಿದ್ದರೆ ಈಗಿನ ಮೀನಿನ ಜೊತೆ ಹೋಲಿಸಿ ಎಂತ ಪ್ರಯೋಜನ?

ಕಟಪಾಡಿ ಟೀಚರ್ (ಸೋಮವಾರ, ರಾತ್ರಿ 9.00)

ಒಂದು ಮಾತು ಯಾರೂ ಕೇಳಿಲ್ಲ. "ಯಾವಾಗಿನ ಹಾಗೆ ತೊಳೆದೆ" ಅಂದಿದ್ದೀರಿ. ಎಂತದರಲ್ಲಿ ತೊಳೆದದ್ದು?

ಪಡುಬಿದ್ರಿ ಚಿಪ್ಪು (ಸೋಮವಾರ, ರಾತ್ರಿ 9.20)

ವಿನೆಗರ್‌ನಲ್ಲಿ, ಅರ್ಧ ಗಂಟೆ. ತಾಟೆಯ ಹಲ್ಲುಗಳನ್ನು ಹಾಗೇ ತೊಳೆದಿದ್ದೆ. ಅಂಟಿದ ಸುಣ್ಣಕಲ್ಲು ಬಿಟ್ಟುಕೊಂಡು ಹಲ್ಲು ಕನ್ನಡಿಯ ಹಾಗೆ ಹೊಳೆದಿತ್ತು. ಇವುಗಳಿಂದಲೂ ಗುಳ್ಳೆ ಎದ್ದಿತು. ಮಣ್ಣು ಬಿಡುತ್ತಿದೆ ಅಂದುಕೊಂಡೆ.

ಕಟಪಾಡಿ ಟೀಚರ್ (ಸೋಮವಾರ, ರಾತ್ರಿ 9.45)

ಗುಳ್ಳೆ ಮಣ್ಣಿನದ್ದಲ್ಲ ತಮ್ಮಾ, ಕಿವಿಗಲ್ಲಿನದ್ದೇ. ಹಲ್ಲು ಆಗಿರುವುದು ಫಾಸ್ಫೇಟಿನಿಂದ, ವಿನೆಗರನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಕಿವಿಗಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಹೆಚ್ಚಾಗಿ ಅರಗೊನೈಟ್ ರೂಪದಲ್ಲಿ. ಮೊಟ್ಟೆಯ ಚಿಪ್ಪನ್ನು ವಿನೆಗರ್‌ಗೆ ಹಾಕಿದರೆ ಎಂತ ಆಗುತ್ತದೆ, ಇಲ್ಲೂ ಅದೇ. ಮೊದಲು ಕರಗುವುದು ಮೇಲಿನ ಪದರ. ತೋಡು ಇರುವುದೂ ಅಲ್ಲೇ.

ಬೇಜಾರು ಮಾಡಬೇಡಿ. ಎರಡನೇ ಗೋಣಿ ಇದೆಯಲ್ಲ. ಅದಕ್ಕೆ ನೀರು ಮಾತ್ರ. ಮಣ್ಣನ್ನು ಪೂರ್ತಿ ಒಣಗಿಸಿ, ಆಮೇಲೆ ನೀರಲ್ಲಿ ನೆನೆಸಿ. ಒಣಗಿದ ಜೇಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅರ್ಧ ಮಿ.ಮೀ. ಕಣ್ಣಿನ ಜರಡಿಯಲ್ಲಿ ಸೋಸಿ. ಕಲ್ಲು ಒಣಗಿದ ಮೇಲೆ ನೀರಲ್ಲಿ ಅದ್ದಿದ ಮೃದು ಕುಂಚ ಸಾಕು.

ಪಡುಬಿದ್ರಿ ಚಿಪ್ಪು (ಸೋಮವಾರ, ರಾತ್ರಿ 10.10)

ಓದಿ ಹೊಟ್ಟೆ ಉರಿಯಿತು. ಹತ್ತು ಕಲ್ಲು ನನ್ನ ಕೈಯಿಂದಲೇ ಹಾಳಾಯಿತು.

ಹತ್ತು ಯಾಕೆ ಅಂದರೆ, ನಂಬರ್ 4 ವಿನೆಗರ್‌ಗೆ ಬಿದ್ದಿಲ್ಲ. ಅದು ಗೋಣಿಯ ಮೂಲೆಯಲ್ಲಿ ಆಮೇಲೆ ಸಿಕ್ಕಿದ್ದು, ನಲ್ಲಿ ನೀರಲ್ಲಿ ತೊಳೆದೆ. ಇದನ್ನು ಮೊದಲೇ ಬರೆಯಬೇಕಿತ್ತು.

ದಕ್ಕೆ ಬದಿಯವ (ಸೋಮವಾರ, ರಾತ್ರಿ 10.15)

ನಾನು ಹೇಳಿದ್ದು ಅದೇ! ತಿರುಗಿಸಿ ನೋಡಿದ್ದೀರಾ ಇಲ್ವಾ?

ಪಡುಬಿದ್ರಿ ಚಿಪ್ಪು (ಸೋಮವಾರ, ರಾತ್ರಿ 10.35)

ಈಗ ನೋಡಿದೆ. ಟಾರ್ಚ್ ಮಲಗಿಸಿ ಎರಡೂ ಮುಖ ನೋಡಿದೆ. ಗೊದಮೊಟ್ಟೆ ಇಲ್ಲ. ಎರಡೂ ಕಡೆ ಉಬ್ಬಿದೆ, ಒಂದು ಕಡೆ ಜಾಸ್ತಿ. ಅವರೆ ಬೀಜವನ್ನು ಸ್ವಲ್ಪ ಅದುಮಿದ ಹಾಗೆ. ಒಂದು ಅಂಚಿನ ಹತ್ತಿರ ತೀರಾ ತೆಳು ಗೆರೆ.

ದಕ್ಕೆ ಬದಿಯವ (ಸೋಮವಾರ, ರಾತ್ರಿ 10.40)

ಮರಳಿನಲ್ಲಿ ಉರುಳಿ ತೋಡು ಸವೆದಿರಬೇಕು. ಕಲ್ಲೂರೇ.

ಕಟಪಾಡಿ ಟೀಚರ್ (ಮಂಗಳವಾರ, ಬೆಳಿಗ್ಗೆ 6.40)

ದಕ್ಕೆಯಣ್ಣ, ಸವೆದದ್ದಾದರೆ ಅಂಚೂ ಸವೆಯಬೇಕು. ಫೋಟೋದಲ್ಲಿ ಅಂಚು ಗಟ್ಟಿಯಾಗಿದೆ, ಹೊಳಪೂ ಇದೆ. ಕಲ್ಲೂರಿನ ಹೊರಮುಖದಲ್ಲಿ ಗಂಟು ಗಂಟು ಇರುತ್ತದೆ, ನಿಮ್ಮ ಬಾಟಲಿಯಲ್ಲೇ ನೋಡಿ. ಇದರಲ್ಲಿ ಅದೂ ಇಲ್ಲ. ಇದರಲ್ಲಿ ತೋಡು ಹೋದದ್ದಲ್ಲ. ಮೊದಲೇ ಇರಲಿಲ್ಲ.

ಮೀನಿಗೆ ಒಂದು ಕಿವಿಗೆ ಮೂರು ಕಲ್ಲು. ಸ್ಯಾಜಿಟಾ, ಲ್ಯಾಪಿಲಸ್, ಆಸ್ಟೆರಿಸ್ಕಸ್. ಹೆಚ್ಚಿನ ಮೀನುಗಳಲ್ಲಿ ಸ್ಯಾಜಿಟಾ ದೊಡ್ಡದು. ನಾವೆಲ್ಲ ಸಲ್ಕಸ್ ಅಂತ ಹುಡುಕುವುದು ಅದರ ಮೇಲೆ. ಆದರೆ ತೇಡೆಯ (ಕಡಲಿನ ಕ್ಯಾಟ್‌ಫಿಶ್‌ನ) ಬಳಗದಲ್ಲಿ ಲ್ಯಾಪಿಲಸ್ ದೊಡ್ಡದು. ದಪ್ಪ, ಉರುಟು, ನುಣ್ಣಗೆ. ಅದರಲ್ಲಿ ಆ ತರದ ತೋಡು ಇಲ್ಲವೇ ಇಲ್ಲ. ನಂಬರ್ 4 ತೇಡೆಯ ಲ್ಯಾಪಿಲಸ್ ಅಂತ ನನ್ನ ಅಂದಾಜು. ಮೀನುಗಾರಿಕೆ ಕಾಲೇಜಿನಲ್ಲಿ ಓದುವಾಗ ಇಂಥದ್ದನ್ನು ಕೈಯಾರೆ ಬಿಡಿಸಿದ್ದೇನೆ.

ಫೋಟೋ ನೋಡಿ ಹೇಳುವ ಮಾತು ಸಾಲದು. ಒಂದು ತೇಡೆಯ ತಲೆ ತಂದು ನೋಡಿ.

ಪಡುಬಿದ್ರಿ ಚಿಪ್ಪು (ಮಂಗಳವಾರ, ಬೆಳಿಗ್ಗೆ 7.15)

ಈಗ ಜುಲೈ ಅಲ್ವಾ ಅಕ್ಕಾ, ಬೋಟ್ ಬಂದ್. ಮಾರ್ಕೆಟಿನಲ್ಲಿ ಐಸಿನ ಮೀನು ಮಾತ್ರ.

ದಕ್ಕೆ ಬದಿಯವ (ಮಂಗಳವಾರ, ಬೆಳಿಗ್ಗೆ 7.40)

ನಾಡದೋಣಿಯವರಿಗೆ ನಾನು ಹೇಳಿಡುತ್ತೇನೆ. ತೇಡೆ ಸಿಕ್ಕಿದರೆ ತಲೆ ನಿಮಗೆ. ಕಲ್ಲೂರಿನ ಕಲ್ಲು ಎರಡು ಜೊತೆ ಕೂಡ ಕಳಿಸುತ್ತೇನೆ, ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮುಳ್ಳು ಜಾಗ್ರತೆ. ಬೆನ್ನಿಗೆ ಒಂದು, ಎರಡೂ ಪಕ್ಕಕ್ಕೆ ಒಂದೊಂದು ಇರುತ್ತದೆ. ಚುಚ್ಚಿದರೆ ಇಡೀ ದಿನ ನೋವು.

ಕಂಕನಾಡಿ ಲೆನ್ಸ್ (ಮಂಗಳವಾರ, ಬೆಳಿಗ್ಗೆ 8.30)

ಫೋಟೋ ತೆಗೆಯುವಾಗ ಎಡಗಿವಿಯದ್ದಾ ಬಲಗಿವಿಯದ್ದಾ ಅಂತ ಬರೆಯಿರಿ. ಮೊನ್ನೆ ಒಬ್ಬರು ಎಡದ್ದನ್ನು ಬಲದ್ದರ ಜೊತೆ ಹೋಲಿಸಿ ಹೊಸ ಜಾತಿ ಅಂದಿದ್ದರು. ಸ್ಯಾಜಿಟಾದಲ್ಲಿ ಒಳಮುಖ ನಿಮ್ಮ ಕಡೆಗೆ, ಬೆನ್ನಿನ ಅಂಚು ಮೇಲೆ ಇಟ್ಟಾಗ ಮುಂದಿನ ಮೂತಿ ಬಲಕ್ಕೆ ಇದ್ದರೆ ಬಲಗಿವಿ.

ಬ್ರಹ್ಮಾವರ ಮುರಕಲ್ಲು (ಮಂಗಳವಾರ, ಬೆಳಿಗ್ಗೆ 8.50)

ತಪ್ಪು. ಮೂತಿ ಬಲಕ್ಕೆ ಇದ್ದರೆ ಎಡಗಿವಿ.

ಕಂಕನಾಡಿ ಲೆನ್ಸ್ (ಮಂಗಳವಾರ, ಬೆಳಿಗ್ಗೆ 8.55)

ಹತ್ತು ವರ್ಷದಿಂದ ಹಾಗೇ ಬರೆಯುತ್ತಿದ್ದೇನೆ.

ಬ್ರಹ್ಮಾವರ ಮುರಕಲ್ಲು (ಮಂಗಳವಾರ, ಬೆಳಿಗ್ಗೆ 9.10)

ಮೀನಿನ ತಲೆಯೊಳಗೆ ನಟ್ಟ ನಡುವೆ ನಿಂತಿದ್ದೀರಿ ಅಂದುಕೊಳ್ಳಿ. ಬಲಗೋಡೆಗೆ ಮುಖ ಮಾಡಿ. ಮೀನಿನ ಮೂತಿ ನಿಮ್ಮ ಯಾವ ಕೈ ಕಡೆ ಬಂತು? ಎಡಗೈ. ಹಾಗಾದರೆ ಬಲಗಿವಿಯ ಕಲ್ಲಿನಲ್ಲಿ ಮೂತಿ ಎಡಕ್ಕೆ. ನಿಮ್ಮ ಸಾಫ್ಟ್‌ವೇರ್ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸುತ್ತಿದೆಯಾ ನೋಡಿ.

ಕಂಕನಾಡಿ ಲೆನ್ಸ್ (ಮಂಗಳವಾರ, ರಾತ್ರಿ 8.00)

ನೋಡಿದೆ. ತಿರುಗಿಸುತ್ತಿತ್ತು. ನನ್ನ ಇನ್ನೂರು ಚೀಟಿ ತಿದ್ದಬೇಕು.

ಪಡುಬಿದ್ರಿ ಚಿಪ್ಪು (ಒಂಬತ್ತು ದಿನದ ನಂತರ, ಸಂಜೆ 5.30)

ತೇಡೆಯ ತಲೆ ಸಿಕ್ಕಿತು. ದಕ್ಕೆಯಣ್ಣನಿಗೆ ತುಂಬಾ ಉಪಕಾರ. ಬೇಯಿಸಿ ಮಾಂಸ ಬಿಡಿಸಿದೆ. ಬುರುಡೆಯ ಅಡಿಯಲ್ಲಿ ಎರಡು ಬದಿಗೂ ಉಬ್ಬು ಇದೆ. ಎರಡು ದಿನ ಒಲೆಯ ಹತ್ತಿರ ಒಣಗಿಸಿ ಅಲ್ಲಾಡಿಸಿದರೆ ಒಳಗೆ ಕಲ್ಲು ಗಡಗಡ ಅಂತು. ಮಗಳು ಅದನ್ನೇ ಹಿಡಿದುಕೊಂಡು ಮನೆಯೆಲ್ಲಾ ಓಡಾಡಿದಳು. ಆಮೇಲೆ ಒಡೆದು ತೆಗೆದೆ. 11 ಮಿ.ಮೀ.

ನಂಬರ್ 4, ತೇಡೆ, ಕಲ್ಲೂರು, ಮೂರನ್ನೂ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟ ಫೋಟೋ ಹಾಕಿದ್ದೇನೆ. ಉಬ್ಬು, ಅಂಚಿನ ತೆಳು ಗೆರೆ, ಉರುಟು, ಎಲ್ಲಾ ತೇಡೆಗೆ ಕೂಡಿ ಬರುತ್ತದೆ. ಹಿಂದಿನ ತುದಿ ಮಾತ್ರ ಹಳೆಯದರಲ್ಲಿ ಸ್ವಲ್ಪ ಚೂಪು.

ದಕ್ಕೆ ಬದಿಯವ (ಸಂಜೆ 6.10)

ನೋಡಿದೆ. ಕಲ್ಲೂರು ಅಲ್ಲ. ಬಾಟಲಿ ಪೂರ್ತಿ ಸುರಿದು ಹುಡುಕಿದೆ, ಹೀಗೆ ಎರಡು ಕಡೆ ಉಬ್ಬಿದ್ದು ಒಂದೂ ಇಲ್ಲ.

ಕಟಪಾಡಿ ಟೀಚರ್ (ರಾತ್ರಿ 8.40)

ಚೀಟಿಯಲ್ಲಿ "ಏರಿಡೆ ಕುಟುಂಬ, ಲ್ಯಾಪಿಲಸ್" ಅಂತ ಬರೆಯಿರಿ, ಅಲ್ಲಿಗೇ ನಿಲ್ಲಿಸಿ. ತೇಡೆಯ ಈ ಕುಟುಂಬದಲ್ಲಿ ಒಂದು ಜಾತಿಯ ಲ್ಯಾಪಿಲಸ್ ಇನ್ನೊಂದರ ಹಾಗೇ ಇರುತ್ತದೆ. ಆ ಚೂಪು ತುದಿ ನೋಡಿ ಜಾತಿಯ ಹೆಸರು ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಒಂದೇ ಕಲ್ಲು ಇದೆ. ಬಾವಿಯ ಆಳ, ಮಣ್ಣು ತೆಗೆದ ತಿಂಗಳು ಎರಡನ್ನೂ ಗೆಳೆಯನ ಹತ್ತಿರ ಕೇಳಿ ಅದೇ ಚೀಟಿಯಲ್ಲಿ ಬರೆದಿಡಿ.

ನಂಬರ್ 7 ಈಗ ನೋಡಿದೆ. ಅದು ವಿನೆಗರ್‌ಗೆ ಬಿದ್ದದ್ದೇ, ಆದರೂ ಸ್ವಲ್ಪ ಉಳಿದಿದೆ. 3 ಮಿ.ಮೀ., ಹೆಚ್ಚುಕಡಿಮೆ ಚೌಕ. ನಡುವೆ ಚಪ್ಪಲಿಯ ಅಟ್ಟೆಯ ಹಾಗೆ ತೋಡು, ಅಂಚಿಗೆ ಮುಟ್ಟಿಲ್ಲ. ಗೋಬಿ ಅನ್ನುವ ಸಣ್ಣ ಮೀನುಗಳ ಸ್ಯಾಜಿಟಾ ಹೀಗಿರುತ್ತದೆ. ಟಾರ್ಚ್ ಮಲಗಿಸಿ ಇನ್ನೊಂದು ಫೋಟೋ ಹಾಕಿ.

ಪಡುಬಿದ್ರಿ ಚಿಪ್ಪು (ರಾತ್ರಿ 9.15)

ಈಗ ಕರೆಂಟ್ ಇಲ್ಲ, ನಾಳೆ ಬೆಳಿಗ್ಗೆ ಹಾಕುತ್ತೇನೆ. ಎರಡನೇ ಗೋಣಿಯ ಮಣ್ಣು ಅಟ್ಟದಲ್ಲಿ ಹರಡಿದ್ದೇನೆ. ಈ ಮಳೆಗೆ ಒಣಗಲು ಎಷ್ಟು ದಿನ ಬೇಕೋ. ವಿನೆಗರ್ ಬಾಟಲಿಯನ್ನು ಅಡುಗೆಮನೆಗೆ ವಾಪಸ್ ಕೊಟ್ಟೆ.