ರಾಜ್ಯ ಹೋಗಿ 2600 ವರ್ಷ, ಆದರೂ ಇವರು ಅಸ್ಸೀರಿಯನ್ನರೇ?

ಉತ್ತರದೇಶಿ
ನಾನಿರುವುದು ಸ್ವೀಡನ್ನಿನ ಸೋಡರ್ತೇಲ್ಯೆಯಲ್ಲಿ, ಸ್ಟಾಕ್‌ಹೋಮ್ ಪಕ್ಕದ ಊರು. ಟರ್ಕಿ, ಸಿರಿಯಾ, ಇರಾಕ್‌ಗಳಿಂದ ಬಂದ ಸಾವಿರಾರು ಕ್ರೈಸ್ತರು ಇಲ್ಲಿದ್ದಾರೆ. ಅವರಲ್ಲಿ ತುಂಬಾ ಜನ ತಮ್ಮನ್ನು ಅಸ್ಸೀರಿಯನ್ನರು ಅಂತ ಹೇಳಿಕೊಳ್ಳುತ್ತಾರೆ. ಹೌದು, ನಿನೆವೆ ಪಟ್ಟಣದ, ರೆಕ್ಕೆ ಇರುವ ಗೂಳಿಗಳ ಅದೇ ಅಸ್ಸೀರಿಯಾ, ಈಗಿನ ಇರಾಕ್‌ನ ಉತ್ತರದಲ್ಲಿದ್ದ ಪ್ರಾಚೀನ ಸಾಮ್ರಾಜ್ಯ. ಮಕ್ಕಳಿಗೆ ಆ ಕಾಲದ ರಾಜನ, ದೇವರ ಹೆಸರುಗಳನ್ನೇ, ಅಂದರೆ ಸರ್ಗೋನ್, ಆಶೂರ್ ಅಂತ ಇಡುತ್ತಾರೆ. ಏಪ್ರಿಲ್ 1ಕ್ಕೆ ಅಕಿತು, ಅಂದರೆ ಹೊಸ ವರ್ಷದ ಹಬ್ಬ. ಮೊನ್ನೆ ಆಫೀಸಿನಲ್ಲಿ ಒಬ್ಬರು "ಅದೆಲ್ಲ ಈಚೆಗೆ ಕಟ್ಟಿಕೊಂಡ ಕಥೆ" ಅಂದರು. ನನಗೆ ಹಿಡಿಸಲಿಲ್ಲ. ನಿಮಗೇನು ಅನ್ನಿಸುತ್ತದೆ?

ಪ್ರಶ್ನೆಗಾರ
ಆ ಮಾತಿನಲ್ಲಿ ಹುರುಳಿದೆ. ನಿನೆವೆ ಬಿದ್ದದ್ದು ಕ್ರಿ.ಪೂ. 612ರಲ್ಲಿ. ಆಮೇಲೆ ಪರ್ಷಿಯನ್ನರು, ಗ್ರೀಕರು, ಅರಬರು, ಮಂಗೋಲರು, ತುರ್ಕರು ಎಲ್ಲರೂ ಆ ನೆಲವನ್ನು ಆಳಿದರು. ಭಾಷೆಯೂ ಬೇರೆ. ಅಸ್ಸೀರಿಯಾದ ರಾಜರ ಶಾಸನಗಳು ಅಕ್ಕಾಡಿಯನ್‌ನಲ್ಲಿವೆ, ಇವರು ಮನೆಯಲ್ಲಿ ಆಡುವುದು ಅರಾಮಿಕ್. ಇಂಗ್ಲೆಂಡಿನ ಲೇಯಾರ್ಡ್ 1845ರಲ್ಲಿ ಅಸ್ಸೀರಿಯಾದ ಹಳೆಯ ರಾಜಧಾನಿ ನಿಮ್ರೂದ್ ಅಗೆಯಲು ಶುರು ಮಾಡಿದ. ಆಮೇಲೆ ಯುರೋಪಿನವರೂ ಮಿಷನರಿಗಳೂ ಈ ಹೆಸರನ್ನು ಜಾಸ್ತಿ ಬಳಸಿದರು, ಇವರೂ ಅದನ್ನು ಹಿಡಿದುಕೊಂಡರು. 6700 ದಾಟಿರುವ ಅವರ ವರ್ಷದ ಲೆಕ್ಕ ಶುರುವಾದದ್ದೇ 1950ರ ದಶಕದಲ್ಲಿ. ಹೆಮ್ಮೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹೆಮ್ಮೆಯನ್ನೇ ಇತಿಹಾಸ ಅನ್ನಲಾಗದು.

ಶಾಸನ ಓದುಗ
ಭಾಷೆಯ ವಾದ ನಿಲ್ಲುವುದಿಲ್ಲ. ನಿನೆವೆಯ ಅರಮನೆಯ ಉಬ್ಬುಶಿಲ್ಪ ಒಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯುದ್ಧ ಮುಗಿದಿದೆ, ಕೊಳ್ಳೆಯ ಲೆಕ್ಕ ನಡೆಯುತ್ತಿದೆ. ಇಬ್ಬರು ಬರಹಗಾರರು ಪಕ್ಕಪಕ್ಕ ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಹಲಗೆ, ಅವನದು ಅಕ್ಕಾಡಿಯನ್. ಇನ್ನೊಬ್ಬ ಸುರುಳಿ ಹಿಡಿದಿದ್ದಾನೆ, ಅವನು ಬರೆಯುತ್ತಿರುವುದು ಅರಾಮಿಕ್ ಅಂತ ವಿದ್ವಾಂಸರು ಹೇಳುತ್ತಾರೆ. ಅಂದರೆ ಸಾಮ್ರಾಜ್ಯ ಗಟ್ಟಿಯಾಗಿದ್ದಾಗಲೇ ಅರಾಮಿಕ್ ಅರಮನೆಯೊಳಗೆ ಬಂದಾಗಿತ್ತು. ಗೆದ್ದ ನಾಡುಗಳ ಜನರನ್ನು ಗುಂಪುಗುಂಪಾಗಿ ಎಬ್ಬಿಸಿ ತಂದು ಕೂರಿಸಿದ್ದು ಆ ರಾಜರೇ. ಅವರ ಜೊತೆ ಆ ಮಾತೂ ಬಂತು.

ಇನ್ನು, 612ಕ್ಕೆ ಎಲ್ಲ ಮುಗಿಯಿತು ಅನ್ನುವುದೂ ಸರಿಯಲ್ಲ. ಆಶೂರ್ ಪಟ್ಟಣದಲ್ಲಿ ಪಾರ್ಥಿಯನ್ನರ ಕಾಲದಲ್ಲೂ, ಅಂದರೆ ಕ್ರಿ.ಶ. ಮೂರನೇ ಶತಮಾನದ ಆರಂಭದವರೆಗೂ, ಆಶೂರ್ ದೇವರ ಪೂಜೆ ನಡೆಯುತ್ತಿತ್ತು. ಅಲ್ಲಿ ಸಿಕ್ಕ ಆ ಕಾಲದ ಅರಾಮಿಕ್ ಬರಹಗಳಲ್ಲಿ ದೇವರ ಹೆಸರು ಸೇರಿದ ಜನರ ಹೆಸರುಗಳಿವೆ. ರಾಜ್ಯ ಹೋಗಿ ಏಳೆಂಟು ಶತಮಾನ ಕಳೆದ ಮೇಲೂ ಊರಿನವರು ಮಕ್ಕಳಿಗೆ ಆ ಹೆಸರಿಡುತ್ತಿದ್ದರು.

ಪ್ರಶ್ನೆಗಾರ
ಸರಿ, ಮೂರನೇ ಶತಮಾನದವರೆಗೆ ತಂದಿರಿ. ಅಲ್ಲಿಂದ 19ನೇ ಶತಮಾನದವರೆಗೆ?

ಬೆಳ್ತಂಗಡಿಯವಳು
ಅಲ್ಲಿಂದ ಚರ್ಚು. ನಮ್ಮದು ಸಿರಿಯನ್ ಕ್ರೈಸ್ತ ಮನೆತನ, ಅಜ್ಜ ಕೇರಳದಿಂದ ಬಂದು ಇಲ್ಲಿ ರಬ್ಬರ್ ತೋಟ ಮಾಡಿದವರು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸಕ್ಕೆ ಮೂರು ವಾರ ಮೊದಲು ನಮ್ಮಲ್ಲಿ ಮೂರು ದಿನದ ಉಪವಾಸ ಇದೆ. ಪ್ರವಾದಿ ಯೋನನ ಮಾತು ಕೇಳಿ ನಿನೆವೆಯವರು ಉಪವಾಸ ಮಾಡಿದ ನೆನಪಿಗೆ. ಇರಾಕ್‌ನ ಅಸ್ಸೀರಿಯನ್ನರೂ, ಅಲ್ಲಿನ ಕ್ಯಾಥೊಲಿಕರಾದ ಕಾಲ್ಡಿಯನ್ನರೂ ಮಾಡುವುದು ಇದನ್ನೇ. ನಮ್ಮ ಪೂಜೆಯ ಕ್ರಮ ಬಂದದ್ದೇ ಆ ಕಡೆಯಿಂದ. ತ್ರಿಶೂರಿನ ಕಾಲ್ಡಿಯನ್ ಸಿರಿಯನ್ ಚರ್ಚು ಇವತ್ತಿಗೂ ಅಸ್ಸೀರಿಯನ್ ಚರ್ಚ್ ಆಫ್ ದಿ ಈಸ್ಟ್‌ನ ಭಾಗ.

ನಮಗೆ ನಿನೆವೆ ಬೈಬಲಿನಲ್ಲಿ ಬರುವ ಊರು. ಅವರಿಗೆ ಮೊಸೂಲ್‌ನಲ್ಲಿ ಟೈಗ್ರಿಸ್ ದಾಟಿದರೆ ಸಿಗುವ ದಿಬ್ಬ. ಅದರ ಸುತ್ತಮುತ್ತಲಿನ ಹಳ್ಳಿಗಳಲ್ಲೇ ಬದುಕಿಕೊಂಡು ಬಂದವರನ್ನು ಹಿಡಿದು "ವಂಶಾವಳಿ ತೋರಿಸು" ಅನ್ನುವುದು ಯಾವ ನ್ಯಾಯ? ಎರಡೂವರೆ ಸಾವಿರ ವರ್ಷದ ವಂಶಾವಳಿ ಯಾವ ಜನರ ಹತ್ತಿರ ಇದೆ ಹೇಳಿ.

ಗೋಲಿ
ನಾನು ಫುಟ್‌ಬಾಲ್ ನೋಡುವವನು. ಉತ್ತರದೇಶಿಯವರೇ, ನಿಮ್ಮ ಊರಿನಲ್ಲೇ ಎರಡು ಕ್ಲಬ್ ಇವೆಯಲ್ಲ. 1974ರ ಅಸ್ಸೀರಿಸ್ಕಾ, 1977ರ ಸಿರಿಯಾನ್ಸ್ಕಾ. ಎರಡೂ ಸ್ವೀಡನ್ನಿನ ಮೊದಲ ದರ್ಜೆಯ ಲೀಗ್‌ವರೆಗೆ ಹೋದವು, ಒಂದು 2005ರಲ್ಲಿ, ಇನ್ನೊಂದು 2011ರಲ್ಲಿ. ಒಂದೇ ಜನ ಆದರೆ ಎರಡು ತಂಡ ಯಾಕೆ?

ಉತ್ತರದೇಶಿ
ಇಲ್ಲಿ ನೋವಾಗುವ ಜಾಗ ಅದೇ. ಎರಡೂ ಕಡೆಯವರಲ್ಲಿ ಹೆಚ್ಚಿನವರು ಒಂದೇ ಸಿರಿಯಾಕ್ ಆರ್ಥೊಡಾಕ್ಸ್ ಚರ್ಚಿನವರು. ಟರ್ಕಿಯ ತೂರ್ ಅಬ್ದೀನ್ ಸೀಮೆಯ ಅವೇ ಹಳ್ಳಿಗಳು, ಅದೇ ತುರೋಯೋ ಮಾತು. ಆದರೂ ಒಬ್ಬರು ಅಸ್ಸೀರಿಯನ್, ಇನ್ನೊಬ್ಬರು ಸಿರಿಯಾಕ್. ಇರಾಕ್‌ನಲ್ಲಿ ಕಾಲ್ಡಿಯನ್ ಕ್ಯಾಥೊಲಿಕರು ಬೇರೆ. 2005ರ ಇರಾಕ್ ಸಂವಿಧಾನದ 125ನೇ ವಿಧಿಯಲ್ಲಿ ಕಾಲ್ಡಿಯನ್ನರು, ಅಸ್ಸೀರಿಯನ್ನರು ಅಂತ ಎರಡು ಹೆಸರನ್ನೂ ಬರೆದಿದ್ದಾರೆ. ಈ ಜಗಳದಿಂದ ಅವರಿಗೆ ನಷ್ಟವೇ ಆಗಿದೆ, ನಾನು ಮುಚ್ಚಿಡುವುದಿಲ್ಲ. ಆದರೆ ಕೊಲ್ಲಲು ಬಂದವರು ಈ ಲೆಕ್ಕ ನೋಡಲಿಲ್ಲ. 1915ರಲ್ಲಿ ಆಟೊಮನ್ ನೆಲದಲ್ಲಿ ಈ ಎಲ್ಲ ಗುಂಪಿನವರನ್ನೂ ಕೊಂದರು. ಅದನ್ನು ಸೈಫೋ ಅಂತ ಕರೆಯುತ್ತಾರೆ. 2014ರ ಆಗಸ್ಟ್‌ನಲ್ಲಿ ಐಸಿಸ್ ಬಂದಾಗ ಮೊಸೂಲ್ ಹತ್ತಿರದ ಕ್ರೈಸ್ತರ ಕರಾಕೋಷ್ ಊರಿಗೆ ಊರೇ ರಾತ್ರೋರಾತ್ರಿ ಖಾಲಿಯಾಯಿತು.

ಪ್ರಶ್ನೆಗಾರ
ಅಲ್ಲೇ ನೋಡಿ, ಅವರನ್ನು ಕೊಂದದ್ದು ಕ್ರೈಸ್ತರು ಅಂತ. ಅಸ್ಸೀರಿಯನ್ನರು ಅಂತ ಅಲ್ಲ.

ಶಾಸನ ಓದುಗ
1933ರಲ್ಲಿ ಉತ್ತರ ಇರಾಕ್‌ನ ಸಿಮೇಲೆ ಊರಿನಲ್ಲಿ ನಡೆದ ಕೊಲೆಗಳಿಗೆ ಆ ಮಾತು ಹೊಂದುವುದಿಲ್ಲ. ಇರಾಕ್ ಸ್ವತಂತ್ರವಾಗಿ ವರ್ಷವೂ ಆಗಿರಲಿಲ್ಲ. ತಮ್ಮ ಜನರ ಲೌಕಿಕ ಮುಖಂಡತನವನ್ನೂ ಒಪ್ಪಬೇಕು ಅಂತ ಅಸ್ಸೀರಿಯನ್ ಚರ್ಚಿನ ಪರಮಗುರು ಮಾರ್ ಎಶಾಯ್ ಶಿಮುನ್ ಕೇಳಿದರು. ಸರ್ಕಾರ ಒಪ್ಪಲಿಲ್ಲ. ಪೌರತ್ವ ಕಿತ್ತುಕೊಂಡು ಅವರನ್ನು ದೇಶದಿಂದ ಹೊರಗೆ ಹಾಕಿತು. ಅದೇ ಆಗಸ್ಟ್‌ನಲ್ಲಿ ಸೇನೆ ಸಿಮೇಲೆಯಲ್ಲಿ ಅಸ್ಸೀರಿಯನ್ನರನ್ನು ನೂರಾರು ಸಂಖ್ಯೆಯಲ್ಲಿ ಕೊಂದಿತು. ಅಸ್ಸೀರಿಯನ್ನರ ಲೆಕ್ಕದಲ್ಲಿ 3000. ಗುರಿಯಾದವರು ಅಸ್ಸೀರಿಯನ್ನರು, ದೇಶದ ಕ್ರೈಸ್ತರೆಲ್ಲ ಅಲ್ಲ. ಆಗಸ್ಟ್ 7 ಇಂದಿಗೂ ಅವರ ಹುತಾತ್ಮರ ದಿನ.

ಪ್ರಶ್ನೆಗಾರ
ಸಿಮೇಲೆಯ ಮಾತು ಒಪ್ಪುತ್ತೇನೆ. ಆದರೂ ರಾಜವಂಶದ ಕಥೆ ಯಾಕೆ ಬೇಕು? ಈ ನೂರು ವರ್ಷದ ನೆನಪೇ ಸಾಕಲ್ವಾ?

ಬೆಳ್ತಂಗಡಿಯವಳು
ಅವರು ಸಿಂಹಾಸನ ಕೇಳುತ್ತಿಲ್ಲ. 2015ರ ಫೆಬ್ರವರಿಯಲ್ಲಿ ಐಸಿಸ್‌ನವರು ನಿನೆವೆಯ ನೆರ್ಗಲ್ ಬಾಗಿಲಿನ ರೆಕ್ಕೆಯ ಗೂಳಿಯ ಮುಖವನ್ನು ಡ್ರಿಲ್ ಹಿಡಿದು ಕೊರೆದು ಒಡೆದದ್ದನ್ನು ನಾವೆಲ್ಲ ವಿಡಿಯೋದಲ್ಲಿ ನೋಡಿದೆವು. ಆ ಗೂಳಿ ತಮ್ಮದು ಅಂತ ಅತ್ತವರಿಗೆ ನಾವು "ಅದು ನಿಮ್ಮದಲ್ಲ" ಅನ್ನಬೇಕಾ?

ಗೋಲಿ
ಹಾಗಾದರೆ ಅವರಿಗೆ ಬೇಕಾದ್ದೇನು? ಬೇರೆ ದೇಶವಾ?

ಉತ್ತರದೇಶಿ
ಇಲ್ಲಿ ನಾನು ಮಾತಾಡಿಸಿದ ಯಾರೂ ಬೇರೆ ದೇಶ ಕೇಳಲಿಲ್ಲ. ನಿನೆವೆ ಬಯಲು ಇರಾಕ್‌ನೊಳಗೇ ಒಂದು ಪ್ರಾಂತ್ಯವಾಗಲಿ, ಅಲ್ಲಿ ತಮ್ಮ ಶಾಲೆ, ತಮ್ಮ ಕಾವಲು ಇರಲಿ ಅನ್ನುತ್ತಾರೆ. 2014ರ ಜನವರಿಯಲ್ಲಿ ಬಾಗ್ದಾದಿನ ಸಚಿವ ಸಂಪುಟ ಅದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಏಳು ತಿಂಗಳು ತುಂಬುವಷ್ಟರಲ್ಲಿ ಐಸಿಸ್ ಬಂತು. ಐಸಿಸ್ ಹೋದ ಮೇಲೂ ಆ ಬಯಲಿನ ಮೇಲೆ ಬಾಗ್ದಾದ್ ಒಂದು ಕಡೆ, ಕುರ್ದರ ಎರ್ಬಿಲ್ ಇನ್ನೊಂದು ಕಡೆ ಹಕ್ಕು ಹೇಳುತ್ತಿವೆ. ಮೊದಲು ಆ ಒಪ್ಪಿಗೆ ಜಾರಿಗೆ ಬರಲಿ.