ಸೋಲಾರ್ ಇದ್ದೂ ಡಿಸೆಂಬರ್ ಬಿಲ್ 200 ಯೂನಿಟ್ ದಾಟಿದೆ, ಎಲ್ಲಿ ಸೋರುತ್ತಿದೆ?

ಪ್ರಶ್ನೆ:
ಮಡಿಕೇರಿಯಲ್ಲಿ ಮನೆ, ನಾಲ್ಕು ಜನ. ತಾರಸಿ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್, ಟ್ಯಾಂಕಿನಲ್ಲೇ 2 ಕಿಲೋವಾಟಿನ ಬ್ಯಾಕಪ್ ಕಾಯಿಲ್ ಇದೆ. ಗೃಹಜ್ಯೋತಿಯಲ್ಲಿ ನಮಗೆ ಉಚಿತ ಇರುವುದು 149 ಯೂನಿಟ್. ನವೆಂಬರ್‌ನಲ್ಲಿ 158 ಬಂತು, ಹೆಚ್ಚಿನ 9 ಯೂನಿಟ್ಟಿಗೆ ಕಟ್ಟಿದೆವು. ಡಿಸೆಂಬರ್‌ನಲ್ಲಿ 231 ಆಗಿ, 200 ದಾಟಿದ್ದರಿಂದ ಪೂರ್ತಿ ಬಿಲ್ ಬಂದಿದೆ. ಹೊಸ ಸಾಮಾನು ಏನೂ ತಂದಿಲ್ಲ, ರೂಮ್ ಹೀಟರ್ ಇಲ್ಲ. ಮೀಟರ್ ಜಾಸ್ತಿ ಓಡುತ್ತಿದೆಯಾ? ಜನವರಿಯಲ್ಲಿ 200ರ ಒಳಗೆ ತರೋದು ಹೇಗೆ?

ಉತ್ತರ 1:
ಮೀಟರ್ ಮೇಲೆ ಅನುಮಾನ ಪಡುವ ಮೊದಲು ಲೆಕ್ಕ ಹಾಕಿ. 231ರಲ್ಲಿ 158 ಕಳೆದರೆ 73, ಅಂದರೆ ದಿನಕ್ಕೆ ಹೆಚ್ಚುಕಮ್ಮಿ 2.4 ಯೂನಿಟ್ ಜಾಸ್ತಿ. 1 ಯೂನಿಟ್ ಕರೆಂಟು 860 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡುತ್ತೆ. 2.4 ಯೂನಿಟ್ಟಿಗೆ 100 ಲೀಟರ್ ನೀರು 20 ಡಿಗ್ರಿ ಏರುತ್ತೆ. ನಿಮ್ಮ ಬ್ಯಾಕಪ್ ಕಾಯಿಲ್ ದಿನಕ್ಕೆ ಒಂದೂಕಾಲು ಗಂಟೆ ಉರಿದರೆ ಸಾಕು, ಲೆಕ್ಕ ಸರಿಹೋಯಿತು. ಅದರ ಸ್ವಿಚ್ ರಾತ್ರಿಯಿಡೀ ಆನ್ ಇರುತ್ತಾ?

ಮೀಟರ್ ನೋಡಬೇಕೆಂದರೆ: ಮನೆಯ ಎಲ್ಲ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್ಚುಗಳು) ಇಳಿಸಿ, ಮೀಟರಿನ ಕೆಂಪು ದೀಪ ಮಿನುಗುವುದು ನಿಲ್ಲಬೇಕು. ಆಮೇಲೆ ಬ್ಯಾಕಪ್ ಒಂದನ್ನೇ ಹಾಕಿ. ಮೀಟರ್ ಮೇಲೆ ಯೂನಿಟ್ಟಿಗೆ 3200 ಇಂಪಲ್ಸ್ (ದೀಪದ ಮಿನುಗು) ಎಂದು ಬರೆದಿದ್ದರೆ 9 ಸೆಕೆಂಡಿಗೆ 16 ಸಲ ಮಿನುಗುತ್ತೆ. ವೋಲ್ಟೇಜ್ 200ಕ್ಕೆ ಇಳಿದಿದ್ದರೆ ಕಾಯಿಲ್ ಒಂದೂವರೆ ಕಿಲೋವಾಟೇ ಎಳೆಯುವುದು, ಆಗ 12 ಸಲ. ಇದಕ್ಕಿಂತ ಬಹಳ ಜಾಸ್ತಿ ಇದ್ದರೆ ಮಾತ್ರ ಮೀಟರ್ ಟೆಸ್ಟಿಗೆ ಅರ್ಜಿ ಕೊಡಿ.

ಪ್ರಶ್ನೆ ಕೇಳಿದವರು:
ಹೌದು ಸರ್, ನವೆಂಬರ್ ಕೊನೆಯಿಂದ ಸ್ವಿಚ್ ಆನ್ ಇದೆ. ನೀರು ಕಾದ ಮೇಲೆ ಥರ್ಮೋಸ್ಟಾಟ್ ತಾನೇ ಆಫ್ ಮಾಡುತ್ತೆ ಅಂದುಕೊಂಡಿದ್ದೆವು.

ಉತ್ತರ 1:
ಆಫ್ ಮಾಡುತ್ತೆ, ಆದರೆ ತಪ್ಪು ಹೊತ್ತಲ್ಲಿ ಆನ್ ಕೂಡ ಮಾಡುತ್ತೆ. ಸಂಜೆ ಸ್ನಾನಕ್ಕೆ ಬಿಸಿನೀರು ಬಿಟ್ಟಷ್ಟೂ ತಣ್ಣೀರು ಟ್ಯಾಂಕಿನ ತಳಕ್ಕೆ ತುಂಬುತ್ತೆ. ಬಿಸಿಲು ಹೋಗಿದೆ, ಕಾಯಿಲ್ ರಾತ್ರಿ ಕೂತು ಆ ನೀರನ್ನು ಕಾಯಿಸುತ್ತೆ. ಬೆಳಗ್ಗೆ ಬಿಸಿಲು ಬರುವಷ್ಟರಲ್ಲಿ ಟ್ಯಾಂಕು ಆಗಲೇ ಬಿಸಿ! ಪುಕ್ಕಟೆ ಬಿಸಿಲಿಗೆ ಕೆಲಸವೇ ಉಳಿದಿರುವುದಿಲ್ಲ. ಹಾಗಾಗಿ ಸ್ವಿಚ್ ಯಾವಾಗಲೂ ಆಫ್ ಇರಲಿ. ಬೆಳಗ್ಗೆ 5ಕ್ಕೆ ನಲ್ಲಿ ತಿರುಗಿಸಿ ನೋಡಿ, ಬಿಸಿ ಸಾಲದಿದ್ದರೆ ಮಾತ್ರ 40 ನಿಮಿಷ ಹಾಕಿ (1.3 ಯೂನಿಟ್). ಮರೆಯುವವರಿದ್ದರೆ 16 ಆಂಪಿನ ಟೈಮರ್ ಕೂರಿಸಿ, 6 ಆಂಪಿನದು ಕರಗಿಹೋಗುತ್ತೆ. ಥರ್ಮೋಸ್ಟಾಟ್ 50 ಡಿಗ್ರಿಗೆ ಇಡಿ. ವಾರಗಟ್ಟಲೆ ಮೋಡ ಕವಿದರೆ ವಾರಕ್ಕೊಮ್ಮೆ 60ಕ್ಕೆ ಏರಿಸಿ, ಉಗುರುಬೆಚ್ಚಗಿನ ನೀರು ನಿಂತಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಉತ್ತರ 2:
ಪೈಪನ್ನೂ ನೋಡಿ. ಮುಕ್ಕಾಲು ಇಂಚಿನ ಪೈಪು ಒಂದು ಮೀಟರ್ ಉದ್ದಕ್ಕೆ ಕಾಲು ಲೀಟರ್ ನೀರು ಹಿಡಿಯುತ್ತೆ. ತಾರಸಿಯಿಂದ ಬಚ್ಚಲಿಗೆ 20 ಮೀಟರ್ ಇದ್ದರೆ, ಬಿಸಿನೀರು ಬರುವ ಮೊದಲು 5 ಲೀಟರ್ ತಣ್ಣೀರು ಮೋರಿಗೆ. ಅಷ್ಟೇ ಬಿಸಿನೀರು ಆಮೇಲೆ ಪೈಪಿನಲ್ಲೇ ಉಳಿದು ಆರುತ್ತೆ. ನಾಲ್ವರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಆ ನಷ್ಟ ಒಂದೇ ಸಲ. ಹೊರಗಿನ ಪೈಪಿಗೆ ಕಪ್ಪು ಫೋಮ್ ಟ್ಯೂಬ್ ಸುತ್ತಿ, ಮೇಲೆ ಬಿಸಿಲು ತಡೆಯುವ ಟೇಪ್ ಹಾಕಿ. ಬರೀ ಫೋಮ್ ಬಿಸಿಲಿಗೆ ಪುಡಿಯಾಗುತ್ತೆ. ಕಾಯಿಲ್ ಮೇಲೆ ಸುಣ್ಣ ಕಟ್ಟಿ ಕರೆಂಟು ಜಾಸ್ತಿ ಎಳೆಯುತ್ತಿರಬಹುದಲ್ಲವೇ?

ಉತ್ತರ 1:
ಪೈಪಿನ ಮಾತು ಸರಿ. ಸುಣ್ಣದ್ದು ಹಾಗಲ್ಲ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಸುಣ್ಣ ಕಟ್ಟಿದರೂ ಶಾಖವೆಲ್ಲ ನೀರಿಗೇ ಹೋಗುತ್ತೆ, ಯೂನಿಟ್ ಏರುವುದಿಲ್ಲ. ಆದರೆ ಕಾಯಿಲ್ ತಾನೇ ಹೆಚ್ಚು ಕಾದು ಬಿರುಕು ಬಿಟ್ಟು ಸುಟ್ಟುಹೋಗುತ್ತೆ, ನೀರಿಗೆ ಕರೆಂಟು ಸೋರುವ ಅಪಾಯ ಬರುವುದು ಆಗಲೇ. ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ ದಯವಿಟ್ಟು ಮೊದಲು ಅದನ್ನು ಹಾಕಿಸಿ. ಸ್ನಾನಕ್ಕಿಳಿಯುವ ಮೊದಲು ಬ್ಯಾಕಪ್ ಆಫ್ ಮಾಡುವುದನ್ನು ಮಕ್ಕಳಿಗೂ ಕಲಿಸಿ.

ಪ್ರಶ್ನೆ ಕೇಳಿದವರು:
ಎಂಸಿಬಿ ಇಳಿಸಿ ನೋಡಿದೆ, ದೀಪ ನಿಂತಿತು. ಬ್ಯಾಕಪ್ ಒಂದನ್ನೇ ಹಾಕಿದಾಗ 9 ಸೆಕೆಂಡಿಗೆ 14. ಮೀಟರ್ ಸರಿಯಿದೆ ಅನ್ನಿಸುತ್ತೆ. ಸ್ವಿಚ್ ಆಫ್ ಮಾಡಿದ್ದೇವೆ, ಇನ್ನು ದಿನಾ ರಾತ್ರಿ ರೀಡಿಂಗ್ ಬರೆದಿಡುತ್ತೇನೆ.

ಉತ್ತರ 2:
ದಿನಕ್ಕೆ 6 ಯೂನಿಟ್ಟಿನೊಳಗೆ ಇದ್ದರೆ ತಿಂಗಳಿಗೆ 186 ದಾಟುವುದಿಲ್ಲ. ರೀಡಿಂಗ್ ತೆಗೆಯಲು ಬರುವವರು ಎರಡು ದಿನ ತಡವಾದರೂ 200ರ ಒಳಗೇ ಇರುತ್ತೀರಿ.