ಗಾಜಿನ ಲೋಟದಲ್ಲಿ ಪುನರ್ಪುಳಿ ಶರಬತ್ತು ನಿಜದ ಹಾಗೆ ಕಾಣಬೇಕು, ಏನು ಮಾಡಲಿ?

ಮಾಟುಂಗಾದಿಂದ ಪ್ರಶ್ನೆ:
ಮಾವನ ಹೋಟೆಲಿನ ಮೆನುಗೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಶರಬತ್ತಿನ ಲೋಟದ ಚಿತ್ರ ಮಾಡುತ್ತಿದ್ದೇನೆ. ರೆಂಡರ್, ಅಂದರೆ ಕೊನೆಯ ಚಿತ್ರ ತೆಗೆಯುವುದು, ಅದರದ್ದೇ ಸೈಕಲ್ಸ್ ಎಂಜಿನ್‌ನಲ್ಲಿ. ಶರಬತ್ತಿನ ಸುತ್ತ ಕನ್ನಡಿಯಂಥ ಬೆಳ್ಳಿ ಪಟ್ಟಿ ಬರುತ್ತಿದೆ. ಬಣ್ಣವೂ ಪ್ಲಾಸ್ಟಿಕ್ ತುಂಬಿಸಿದ ಹಾಗಿದೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಪುಣೆಯ ಕೋಥ್ರೂಡ್‌ನಿಂದ:
ಮೊದಲು ಒಂದು ದಪ್ಪ ಗಾಜಿನ ಲೋಟಕ್ಕೆ ಅರ್ಧ ಶರಬತ್ತು ಹಾಕಿ ಕಿಟಕಿ ಎದುರು ಇಡಿ. ಮೇಲೆ ಖಾಲಿ ಇರುವಲ್ಲಿ ಗಾಜಿನ ದಪ್ಪ ಕಾಣುತ್ತದೆ. ಶರಬತ್ತು ಇರುವಲ್ಲಿ ಆ ದಪ್ಪ ಮಾಯ. ಕೆಂಪು ಬಣ್ಣ ಲೋಟದ ಹೊರ ಅಂಚಿನ ತನಕ ಬಂದಿರುತ್ತದೆ. ಗಾಜು ಬೆಳಕನ್ನು ಬಗ್ಗಿಸಿ ಒಳಗಿನದನ್ನು ಅಗಲ ಮಾಡಿ ತೋರಿಸುತ್ತದೆ, ಅದಕ್ಕೆ. ಎಣ್ಣೆ ಬಾಟಲಿಯ ಒಂದು ಚಿತ್ರಕ್ಕೆ ಮೂರು ರಾತ್ರಿ ಕೂತವನು ನಾನು. ಅಡುಗೆಮನೆಯ ಬಾಟಲಿ ಎದುರಿಗಿಟ್ಟುಕೊಂಡ ಮೇಲೆಯೇ ತಪ್ಪು ಕಂಡಿದ್ದು.

ನೀವು ಗಾಜಿಗೂ ಶರಬತ್ತಿಗೂ ನಡುವೆ ಸಣ್ಣ ಸಂದು ಬಿಟ್ಟಿರಬೇಕು, ಅಲ್ವಾ? ಆ ಸಂದಿನಲ್ಲಿರುವುದು ಗಾಳಿ. ಗಾಜಿನ ಐಒಆರ್ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಂಕಿ) 1.5, ಗಾಳಿಯದು 1. ಸುಮಾರು 42 ಡಿಗ್ರಿಗಿಂತ ಓರೆಯಾಗಿ ಬಂದ ಬೆಳಕು ಗಾಜಿನಿಂದ ಗಾಳಿಗೆ ದಾಟದೆ ಪೂರ್ತಿ ವಾಪಸ್ ಬರುತ್ತದೆ. ನಿಮ್ಮ ಬೆಳ್ಳಿ ಪಟ್ಟಿ ಅದೇ. ಗಾಜಿಗೆ ನೀರು ತಾಗಿಕೊಂಡಿದ್ದರೆ ಈ ಮಿತಿ 62ರ ಮೇಲೆ ಹೋಗುತ್ತದೆ, ಪಟ್ಟಿ ಬರುವುದಿಲ್ಲ. ಹಾಗಂತ ಎರಡೂ ಮೆಶ್‌ಗಳನ್ನು (3ಡಿ ಆಕಾರಗಳನ್ನು) ಸರಿಯಾಗಿ ಒಂದೇ ಜಾಗಕ್ಕೆ ತಂದರೆ ಕಪ್ಪು ಕಲೆ ಬೀಳುತ್ತವೆ.

ಸುಲಭದ ದಾರಿ, ಶರಬತ್ತಿನ ಮೆಶ್ ಅನ್ನು ಕೂದಲೆಳೆಯಷ್ಟು ಹಿಗ್ಗಿಸಿ ಗಾಜಿನೊಳಗೆ ನುಗ್ಗಿಸುವುದು. ಮೆನುಗೆ ಇಷ್ಟು ಸಾಕು. ನನಗೆ ಮಾತ್ರ ಇನ್ನೊಂದು ದಾರಿಯೇ ಇಷ್ಟ. ಗಾಜು ಗಾಳಿಗೆ ತಾಗುವ ಕಡೆ ಐಒಆರ್ 1.5, ಶರಬತ್ತಿನ ಮೇಲ್ಭಾಗಕ್ಕೆ ನೀರಿನ 1.33, ಗಾಜು ಮತ್ತು ಶರಬತ್ತು ಸೇರುವಲ್ಲಿ ಒಂದೇ ಪದರ ಇಟ್ಟು 1.33 ಭಾಗಿಸು 1.5, ಅಂದರೆ 0.887. ಆ ಪದರದ ನಾರ್ಮಲ್ (ಮೇಲ್ಮೈಯ ಹೊರಮುಖ ಯಾವ ಕಡೆ ಎಂದು ತೋರಿಸುವ ದಿಕ್ಕು) ಗಾಜಿನ ಕಡೆ ಮುಖ ಮಾಡಿರಬೇಕು.

ಬಣ್ಣವನ್ನು ಮೇಲ್ಮೈಗೆ ಕೊಡಲೇಬೇಡಿ. ಮೇಲ್ಮೈ ಬಿಳಿಯೇ ಇರಲಿ, ಬಣ್ಣ ವಾಲ್ಯೂಮ್ ಅಬ್ಸಾರ್ಪ್ಷನ್‌ಗೆ, ಅಂದರೆ ಒಳಗೆ ಸಾಗುವಾಗ ಬೆಳಕು ಹೀರಿಹೋಗುವ ಸೆಟ್ಟಿಂಗ್‌ಗೆ ಹೋಗಲಿ. ಆಗ ಲೋಟದ ನಡುವೆ ಕಡುಗೆಂಪು, ಅಂಚಿನಲ್ಲಿ ತಿಳಿ. ಪುನರ್ಪುಳಿಯ ಚಂದ ಇರುವುದೇ ಅಲ್ಲಿ. ಲೋಟ ನಿಜವಾದ ಅಳತೆಯಲ್ಲೇ ಇರಲಿ, 12 ಸೆಂಟಿಮೀಟರ್ ಅಂದರೆ 12. ಎರಡು ಮೀಟರಿನ ಲೋಟ ಮಾಡಿದರೆ ಅದೇ ಡೆನ್ಸಿಟಿಗೆ (ಬೆಳಕು ಹೀರುವ ಪ್ರಮಾಣಕ್ಕೆ) ಕಪ್ಪು ಶಾಯಿ ಆಗುತ್ತದೆ. ಶರಬತ್ತಿನ ಅಂಚು ಗಾಜಿನ ಮೇಲೆ ಒಂದೆರಡು ಮಿಲಿಮೀಟರ್ ಏರಿರುತ್ತದೆ, ಅದನ್ನೂ ಮಾಡಿ.

ಪಣಜಿಯಿಂದ:
ಇಲ್ಲಿ ನನಗೆ ಜಾಸ್ತಿ ಬರುವುದು ಸೋಲ್‌ಕಢಿ ಕೆಲಸ, ಅದೂ ಪುನರ್ಪುಳಿಯ ಪಾನೀಯವೇ. ಅದರಲ್ಲಿ ತೆಂಗಿನ ಹಾಲು ಇರುವುದರಿಂದ ಅಬ್ಸಾರ್ಪ್ಷನ್ ಒಂದೇ ಸಾಲದು, ಬೆಳಕು ಒಳಗೇ ಚದುರಬೇಕು. ಅದಕ್ಕೆ ನಾನು ಸಬ್‌ಸರ್ಫೇಸ್ ಸೆಟ್ಟಿಂಗ್ ಬಳಸುತ್ತೇನೆ. ಒಂದು ಗುಟುಕು ಕುಡಿದ ಮೇಲೆ ಗಾಜಿಗೆ ಅಂಟಿ ಉಳಿಯುವ ತೆಳು ಗುಲಾಬಿ ಪೊರೆ ಇದೆಯಲ್ಲ, ಅದನ್ನು ಸೇರಿಸಿದ ದಿನ ಚಿತ್ರಕ್ಕೆ ಜೀವ ಬಂತು.

ಮಾಟುಂಗಾ:
ಪಟ್ಟಿ ಹೋಯಿತು ಅಣ್ಣಾ! ಲೋಟದ ನೆರಳು ಮಾತ್ರ ಕಲ್ಲಿನ ನೆರಳಿನ ಹಾಗೆ ಕಪ್ಪಗಿದೆ.

ಕೋಥ್ರೂಡ್:
ಬ್ಲೆಂಡರ್ 3.2ರಿಂದ ಶ್ಯಾಡೋ ಕಾಸ್ಟಿಕ್ಸ್ ಇದೆ, ಗಾಜು ದಾಟಿ ಬಗ್ಗಿದ ಬೆಳಕನ್ನು ನೆರಳಿನೊಳಗೆ ತೋರಿಸುವ ಸೆಟ್ಟಿಂಗ್. ದೀಪ, ಲೋಟ, ಮೇಜು, ಮೂರಕ್ಕೂ ಬೇರೆ ಬೇರೆಯಾಗಿ ಟಿಕ್ ಹಾಕಬೇಕು. ಮೇಜನ್ನು ಮರೆಯುವವರೇ ಜಾಸ್ತಿ. ಲೋಟಕ್ಕೆ ಶೇಡ್ ಸ್ಮೂತ್ (ಮೇಲ್ಮೈಯನ್ನು ನುಣುಪಾಗಿ ತೋರಿಸುವ ಆಯ್ಕೆ) ಕೂಡ ಮಾಡಿ, ನೆರಳಿನ ನಡುವೆ ಕೆಂಪು ಬೆಳಕು ಬೀಳುತ್ತದೆ.